ಕಲ್ಲಚ್ಚಿನಿಂದ ಸ್ಕ್ಯಾನರಿಗೆ: ಗುಬ್ಬಿ ಸೀಮೆಯ ದಾಖಲೆಗಳು ಮತ್ತು ಪ್ರತಿಯ ಗುಣಮಟ್ಟ

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹೋಬಳಿಗಳಲ್ಲಿ ಒಂದಾದ ಸಿ.ಎಸ್. ಪುರ, ಅಂದರೆ ಚಂದ್ರಶೇಖರಪುರ, ವಿದ್ವಲ್ಲೋಕದಲ್ಲಿ ಕಡಬದಷ್ಟು ಪರಿಚಿತವಾದ ಸ್ಥಳವಲ್ಲ. ಅದೇ ತಾಲ್ಲೂಕಿನ ಕಡಬಕ್ಕೆ ರಾಷ್ಟ್ರಕೂಟ ಪ್ರಭೂತವರ್ಷ ಗೋವಿಂದನ ಶಕ 735ರ ತಾಮ್ರಪಟಗಳ ಹಿರಿಮೆಯಿದೆ. ಸಿ.ಎಸ್. ಪುರದಂತಹ ಹೋಬಳಿಯ ಚರಿತ್ರೆಯು ಬಹುಮಟ್ಟಿಗೆ ಕಾಗದದ ಮೇಲೆ ಉಳಿದಿರುವಂಥದು. ಮೋಜಣಿಯ ಟಿಪ್ಪಣಿ, ಆಕಾರ್‌ಬಂದ್, ಇನಾಂ ವಹಿ, ಹಕ್ಕು ಬದಲಾವಣೆಯ ವಹಿ, ಭೂನ್ಯಾಯ ಮಂಡಳಿಯ ಆದೇಶ, ಇವೇ ಅಲ್ಲಿನ ಒಕ್ಕಲುಗಳ ಮೂರು ನಾಲ್ಕು ತಲೆಮಾರುಗಳ ಸಾಕ್ಷ್ಯಗಳು. ಈ ಕಾಗದಗಳು ಇಂದು ರಾಜ್ಯದಾದ್ಯಂತ ಸ್ಕ್ಯಾನರಿನ ಗಾಜಿನ ಅಡಿಗೆ ಬರುತ್ತಿವೆ. ಯಂತ್ರದ ಮುಂದೆ ಕುಳಿತ ನೌಕರನು ತೆರೆಯ ಮೇಲಿನ ಮೂರು ನಾಲ್ಕು ಗುಂಡಿಗಳನ್ನು ಹೇಗೆ ಹೊಂದಿಸುತ್ತಾನೆ ಎಂಬುದರ ಮೇಲೆ ಮುಂದಿನ ಸಂಶೋಧಕನಿಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದು ನಿರ್ಧಾರವಾಗುತ್ತದೆ. ಈ ನಿರ್ಧಾರವನ್ನು ತಾಂತ್ರಿಕ ವಿವರವೆಂದು ಬದಿಗಿರಿಸುವುದು ವಾಡಿಕೆ. ವಾಸ್ತವವಾಗಿ ಅದು ಗ್ರಂಥಸಂಪಾದನೆಯ ಭಾಗವೇ ಆಗಿದ್ದು, ಅದಕ್ಕೆ ಈ ನಾಡಿನಲ್ಲಿ ಒಂದೂವರೆ ಶತಮಾನದ ಹಿನ್ನೆಲೆಯಿದೆ.

ಮೈಸೂರು ಸೀಮೆಯ ಶಾಸನಗಳನ್ನು ಮೂಲದಿಂದ ಬೇರ್ಪಡಿಸಿ ಓದುವ ಕ್ರಮದಲ್ಲಿ ಛಾಯಾಚಿತ್ರಕ್ಕೆ ಮುಖ್ಯ ಸ್ಥಾನವಿದೆ. ಮೇಜರ್ ಡಿಕ್ಸನ್ 1865ರಲ್ಲಿ ತೆಗೆದ ಶಾಸನಗಳ ಛಾಯಾಚಿತ್ರಗಳು ಬಿ.ಎಲ್. ರೈಸ್ ಅವರ ಕೈಸೇರಿದವು. ಅವುಗಳ ಓದಿನಿಂದ ಬೆಳೆದ ಕೃತಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಆನಂತರದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ. ಅದು ಹೊರಬಂದದ್ದು 1904ರಲ್ಲಿ. ಗುಬ್ಬಿ, ಕುಣಿಗಲ್ ಮೊದಲಾದ ತಾಲ್ಲೂಕುಗಳ ಶಾಸನಗಳಿಗೆ ಇಂದಿಗೂ ಬಳಕೆಯಲ್ಲಿರುವ ಸಂಖ್ಯೆಗಳು ಆ ಸಂಪುಟದವು.

ಶಾಸನದ ಪಡಿಯಚ್ಚನ್ನು ತೆಗೆಯುವ ಕ್ರಮವನ್ನು ಗಮನಿಸಿದರೆ ಇಂದಿನ ಸ್ಕ್ಯಾನರಿನ ಮುಖ್ಯ ಸಮಸ್ಯೆ ಅಲ್ಲಿಯೇ ಮೊಳೆತಿರುವುದು ತಿಳಿಯುತ್ತದೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು ಅಕ್ಷರದ ತಗ್ಗುಗಳೊಳಗೆ ಇಳಿಸಲಾಗುತ್ತದೆ. ಆಮೇಲೆ ಮಸಿಯ ಉಂಡೆಯನ್ನು ಮೇಲ್ಮೈಗೆ ಹಗುರವಾಗಿ ಒತ್ತುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ತಗ್ಗು ಬಿಳಿಯಾಗಿ ಉಳಿಯುತ್ತದೆ. ಮಸಿ ಹೆಚ್ಚಾದರೆ ತೆಳುವಾಗಿ ಕೊರೆದ ಗೆರೆಗಳು ತುಂಬಿಹೋಗುತ್ತವೆ. ಕಡಿಮೆಯಾದರೆ ಕಲ್ಲಿನ ಸವಕಲು, ಚಕ್ಕೆ ಎದ್ದ ಗಾಯಗಳೆಲ್ಲ ಅಕ್ಷರದ ವೇಷದಲ್ಲಿ ಬಿಳಿಯಾಗಿ ತೋರುತ್ತವೆ. ಎಷ್ಟು ತಗ್ಗಾದರೆ ಅದು ಅಕ್ಷರ, ಎಷ್ಟು ತಗ್ಗಾದರೆ ಬರಿಯ ಗಾಯ ಎಂಬುದನ್ನು ಮಸಿ ಒತ್ತುವವನ ಕೈ ತೀರ್ಮಾನಿಸುತ್ತದೆ. ಒಂದೇ ಕಲ್ಲಿನಿಂದ ತೆಗೆದ ಎರಡು ಅಚ್ಚುಗಳಲ್ಲಿ ಎರಡು ಪಾಠಗಳು ದೊರೆಯುವುದು ಶಾಸನತಜ್ಞರಿಗೆ ಹೊಸತಲ್ಲ. ಆದರೆ ಕಲ್ಲು ಅಲ್ಲಿಯೇ ಇರುವುದರಿಂದ ಮೂರನೆಯ ಅಚ್ಚು ತೆಗೆಯುವ ಅವಕಾಶವಾದರೂ ಉಳಿದಿರುತ್ತಿತ್ತು. ಹುಳ ಹಿಡಿದ ಕಾಗದಕ್ಕೆ ಆ ಆಯುಷ್ಯವಿಲ್ಲ.

ಕಾಗದಕ್ಕಿಂತ ಮುಂಚಿನ ಲೆಕ್ಕದ ಸಾಧನವಾದ ಕಡತದ ವಿಚಾರ ಇಲ್ಲಿ ಪ್ರಸ್ತುತ. ಇಂದು ಕಚೇರಿಯ ಫೈಲನ್ನು ಕಡತ ಎನ್ನುತ್ತೇವಾದರೂ ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರು ಮತ್ತು ವರ್ತಕರು ಲೆಕ್ಕವಿಡುತ್ತಿದ್ದುದು ಇದರಲ್ಲಿ. ಮಠಗಳಲ್ಲಿಯೂ ಇದು ಬಳಕೆಯಲ್ಲಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಕಪ್ಪು ನೆಲದ ಮೇಲೆ ಬಿಳಿಯ ಬರಹವಿರುವ ಈ ವಸ್ತುವನ್ನು ಸ್ಕ್ಯಾನರಿಗೆ ಒಪ್ಪಿಸಿದರೆ, ಬಿಳಿಯ ಹಾಳೆಯ ಮೇಲೆ ಕಪ್ಪು ಅಕ್ಷರವನ್ನು ನಿರೀಕ್ಷಿಸಿ ಸಿದ್ಧಪಡಿಸಿದ ಸ್ವಯಂಚಾಲಿತ ಹೊಂದಾಣಿಕೆ ಪೂರ್ತಿ ದಾರಿ ತಪ್ಪುತ್ತದೆ. ಯಂತ್ರವು ಕಪ್ಪನ್ನು ನೆರಳೆಂದು ಭಾವಿಸಿ ತಿಳಿಗೊಳಿಸಲು ಹೋಗುತ್ತದೆ. ಬಳಪದ ಮಾಸಲು ಗೆರೆ ಆ ಬೂದಿಯಲ್ಲಿ ಕರಗಿಹೋಗುತ್ತದೆ. ಹಾಳೆಯನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕಂತೂ ಕಡತವನ್ನು ಕೊಡಲೇಬಾರದು. ಬಳಪದ ಬರಹ ಉಜ್ಜಿದರೆ ಅಳಿಯುವಂಥದು, ಉರುಳೆಯೇ ಅದನ್ನು ಒರೆಸಿಬಿಡುತ್ತದೆ.

ಕಾಗದದ ವಹಿಗಳಿಗೆ ಬಂದರೆ ತೊಡಕು ಇನ್ನೂ ಸೂಕ್ಷ್ಮವಾದದ್ದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ ಇಲಾಖೆಯ ಕೆಲಸ 1863ರಲ್ಲಿ ಆರಂಭವಾಯಿತು. ಮೋಜಣಿಯ ಸರಪಳಿ 33 ಅಡಿ ಉದ್ದದ್ದು, ಅದರಲ್ಲಿ 16 ಆಣೆ. ಸರಪಳಿಯ ಚದರ, ಅಂದರೆ 1089 ಚದರಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಟಿಪ್ಪಣಿಯ ನಕ್ಷೆಯಲ್ಲಿ ಹೊಲದ ಪ್ರತಿ ಭುಜದ ಪಕ್ಕದಲ್ಲಿ ಸರಪಳಿ ಮತ್ತು ಆಣೆಯ ಪುಟ್ಟ ಅಂಕಿಗಳು ಇರುತ್ತವೆ. ಹಳೆಯ ಲೆಕ್ಕದ ಬರಹದಲ್ಲಿ ಭಿನ್ನರಾಶಿಗಳಿಗೆ ಅಂಕಿಯೂ ಇಲ್ಲ, ಗೆರೆಯೇ ಚಿಹ್ನೆ. ಕಾಲಿಗೆ ನಿಂತ ಗೆರೆ ಒಂದು, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಈ ಚಿಹ್ನೆಗಳಿಗೆ ಯೂನಿಕೋಡ್‌ನಲ್ಲಿ ಸ್ಥಾನ ದೊರೆತದ್ದೇ 2009ರಲ್ಲಿ. ಶಾನುಭೋಗರ ಕೈಬರಹವಾದರೋ ಲೇಖನಿಯನ್ನು ಎತ್ತದೆ ಸಾಗುವ ಮೋಡಿ. ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1961ರಲ್ಲಿ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡ ಮೇಲೆ ಆ ಕೈಬರಹವನ್ನು ನಿರರ್ಗಳವಾಗಿ ಓದುವವರು ಕಡಿಮೆಯಾಗುತ್ತ ಬಂದಿದ್ದಾರೆ. ಓದುವವರು ಕಡಿಮೆಯಾದಷ್ಟೂ ಪ್ರತಿಯ ನಿಖರತೆ ಹೆಚ್ಚು ಬೇಕಾಗುತ್ತದೆ. ಬಲ್ಲವನು ಅರ್ಧ ಗೆರೆಯಿಂದ ಊಹಿಸಬಲ್ಲ, ಕಲಿಯುವವನಿಗೆ ಪೂರ್ತಿ ಗೆರೆ ಬೇಕು.

ಸ್ಕ್ಯಾನರ್ ಹಾಳೆಯನ್ನು ನೋಡುವುದು ಬೆಳಕಿನ ಪ್ರಮಾಣವಾಗಿ. ಬೂದುಛಾಯೆಯ ಪ್ರತಿಯಲ್ಲಿ ಪ್ರತಿಯೊಂದು ಬಿಂದುವಿಗೂ 0ಯಿಂದ 255ರವರೆಗಿನ ಒಂದು ಬೆಲೆ ಇರುತ್ತದೆ. ಕಪ್ಪು-ಬಿಳುಪು ಪ್ರತಿ ಬೇಕೆಂದು ಕೇಳಿದಾಗ ಯಂತ್ರವು ನಡುವೆ ಎಲ್ಲೋ ಒಂದು ಹೊಸ್ತಿಲನ್ನು ಇಟ್ಟುಕೊಂಡು, ಅದಕ್ಕಿಂತ ಗಾಢವಾದುದೆಲ್ಲ ಮಸಿ, ತಿಳಿಯಾದುದೆಲ್ಲ ಕಾಗದ ಎಂದು ಬರೆದಿಡುತ್ತದೆ. ಹೊಸ್ತಿಲನ್ನು 128ಕ್ಕೆ ಇಡುವುದು ಸಾಮಾನ್ಯ ರೂಢಿ. ಅಚ್ಚಾದ ಹೊಸ ಹಾಳೆಗೆ ಅದು ಸಾಕು. ಕಂದು ತಿರುಗಿದ ಕಾಗದ, ಮಾಸಿದ ಮಸಿ, ಹಿಂಬದಿಯಿಂದ ಇಳಿದ ಬರಹ, ತೇವದ ಕಲೆ, ಇವು ಒಂದೇ ಪುಟದಲ್ಲಿ ಸೇರಿದಾಗ ಇಡೀ ಪುಟಕ್ಕೆ ಒಂದೇ ಹೊಸ್ತಿಲು ಎಂಬುದೇ ಅಸಂಗತವಾಗುತ್ತದೆ. ಜಪಾನಿನ ನೊಬುಯುಕಿ ಒತ್ಸು 1979ರಲ್ಲಿ ಪ್ರಕಟಿಸಿದ ಕ್ರಮವು ಪುಟದ ಬೆಳಕಿನ ಹಂಚಿಕೆಯನ್ನು ನೋಡಿ ಹೊಸ್ತಿಲನ್ನು ತಾನೇ ಆರಿಸುತ್ತದೆ. ಆದರೂ ಅದು ಪುಟಕ್ಕೊಂದೇ. ಫಿನ್ಲೆಂಡಿನ ಸೌವೊಲಾ ಮತ್ತು ಪಿಯೆಟಿಕೈನೆನ್ 2000ದಲ್ಲಿ ಪ್ರಕಟಿಸಿದ ಕ್ರಮವು ಪ್ರತಿ ಬಿಂದುವಿನ ನೆರೆಹೊರೆಯನ್ನು ನೋಡಿ ಹೊಸ್ತಿಲನ್ನು ಏರಿಸಿ ಇಳಿಸುತ್ತದೆ. ಕಲೆ ಬಿದ್ದ ವಹಿಗಳಿಗೆ ಇದು ಎಷ್ಟೋ ಮೇಲು. ಆದರೂ ಯಾವುದೇ ಕ್ರಮವಾಗಲಿ, ಒಮ್ಮೆ ಕಪ್ಪು-ಬಿಳುಪಿಗೆ ಇಳಿದ ಪ್ರತಿಯಿಂದ ಬೂದುಛಾಯೆಯನ್ನು ಮರಳಿ ಪಡೆಯಲಾಗದು. ಬೂದುಛಾಯೆಯ ಪ್ರತಿ ಇದ್ದರೆ ಮುಂದೆ ಬರುವ ಉತ್ತಮ ಕ್ರಮವನ್ನು ಅದರ ಮೇಲೆ ಪ್ರಯೋಗಿಸಬಹುದು.

ಎರಡನೆಯ ಗುಂಡಿ ಸಾಂದ್ರತೆಯದು, ಅಂದರೆ ಒಂದು ಅಂಗುಲಕ್ಕೆ ಎಷ್ಟು ಬಿಂದು ಎಂಬುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆನ್ ಕೆನಿ ಮತ್ತು ಸ್ಟೀಫನ್ ಚ್ಯಾಪ್‌ಮನ್ 1990ರ ದಶಕದಲ್ಲಿ, ಮೈಕ್ರೋಫಿಲ್ಮಿನ ಗುಣಮಟ್ಟದ ಸೂಚ್ಯಂಕವನ್ನು ಸ್ಕ್ಯಾನಿಂಗಿಗೆ ಹೊಂದಿಸಿದರು. ಪುಟದಲ್ಲಿರುವ ಅತಿ ಚಿಕ್ಕ ಅರ್ಥವುಳ್ಳ ಅಕ್ಷರದ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು 0.039ರಿಂದ ಮತ್ತು ಸಾಂದ್ರತೆಯಿಂದ ಗುಣಿಸಿ, ಕಪ್ಪು-ಬಿಳುಪಾದರೆ 3ರಿಂದ, ಬೂದುಛಾಯೆಯಾದರೆ 2ರಿಂದ ಭಾಗಿಸಬೇಕು. ಫಲ 8 ಬಂದರೆ ಅತ್ಯುತ್ತಮ, 5 ಬಂದರೆ ಉತ್ತಮ, 3ರ ಆಸುಪಾಸು ಬಂದರೆ ಕಷ್ಟಪಟ್ಟು ಓದಬಹುದಾದದ್ದು. ಒಂದು ಮಿಲಿಮೀಟರ್ ಎತ್ತರದ ರೋಮನ್ ಅಕ್ಷರಕ್ಕೆ 600 ಬಿಂದುಗಳ ಕಪ್ಪು-ಬಿಳುಪು ಪ್ರತಿ 7.8ರ ಸೂಚ್ಯಂಕವನ್ನು ಕೊಡುತ್ತದೆ. 600 ಎಂಬ ಸಂಖ್ಯೆ ಜಗತ್ತಿನ ಗ್ರಂಥಾಲಯಗಳಲ್ಲಿ ಪ್ರತಿಷ್ಠಿತವಾಗಿರುವುದರ ಹಿಂದೆ ಇಂತಹ ಲೆಕ್ಕವಿದೆ.

ಕನ್ನಡಕ್ಕೆ ಇದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಕನ್ನಡದಲ್ಲಿ ಅತಿ ಚಿಕ್ಕ ಅರ್ಥವುಳ್ಳ ಘಟಕ ಇಡೀ ಅಕ್ಷರವಲ್ಲ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ ಇವುಗಳ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಅಕ್ಷರದಡಿಯ ಒತ್ತು, ಬದಿಯ ದೀರ್ಘ, ನಡುವಿನ ಸೊನ್ನೆ, ಇವೆಲ್ಲ ಮೂಲಾಕ್ಷರದ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತವೆ. ಅನುಸ್ವಾರಕ್ಕೂ ಅಂಕಿಯ ಸೊನ್ನೆಗೂ, ಅರ್ಕಾವತ್ತಿಗೂ ಒಂಬತ್ತಕ್ಕೂ ರೂಪದಲ್ಲಿ ಅಂತರ ಅತ್ಯಲ್ಪ. ಅರ್ಧ ಮಿಲಿಮೀಟರಿನ ಸೊನ್ನೆಗೆ 200 ಬಿಂದುಗಳ ಪ್ರತಿಯಲ್ಲಿ ಅಡ್ಡಕ್ಕೆ ನಾಲ್ಕೇ ಬಿಂದು ದೊರೆಯುತ್ತದೆ. ಸೊನ್ನೆಯ ಒಳಗಿನ ಬಯಲು ಮುಚ್ಚಿ ಅದು ಮಸಿಯ ಚುಕ್ಕೆಯಾಗುತ್ತದೆ. 300ರಲ್ಲಿ ಆರು, 600ರಲ್ಲಿ ಹನ್ನೆರಡು. ಕಾರ್ನೆಲ್ಲಿನ ಸೂತ್ರದಲ್ಲಿ ಅರ್ಧ ಮಿಲಿಮೀಟರನ್ನು ಇಟ್ಟರೆ 600ರ ಕಪ್ಪು-ಬಿಳುಪು ಪ್ರತಿಯ ಸೂಚ್ಯಂಕ 3.9ಕ್ಕೆ ಇಳಿಯುತ್ತದೆ. ಅದೇ ಸಾಂದ್ರತೆಯ ಬೂದುಛಾಯೆಯ ಪ್ರತಿಗೆ 5.85. ರೋಮನ್ ಲಿಪಿಗೆ ಅತ್ಯುತ್ತಮವಾದದ್ದು ಕನ್ನಡದ ಚಿಕ್ಕಚ್ಚಿಗೆ ಕೇವಲ ಕೆಲಸ ನಡೆಸುವಂಥದು ಎಂಬುದು ಈ ಲೆಕ್ಕದ ತಾತ್ಪರ್ಯ.

ಈ ವ್ಯತ್ಯಾಸದ ಪರಿಣಾಮ ಕನ್ನಡದ ಗ್ರಂಥಗಳ ಮೇಲೆ ಆಗಿದೆ. ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ದಶಲಕ್ಷ ಗ್ರಂಥಗಳ ಯೋಜನೆಯ ಅಂಗವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ 2000ದ ದಶಕದ ಆರಂಭದಲ್ಲಿ ರೂಪುಗೊಂಡಿತು. ಪ್ರೊ. ಎನ್. ಬಾಲಕೃಷ್ಣನ್ ಅದರ ಸೂತ್ರಧಾರರಲ್ಲಿ ಪ್ರಮುಖರು. ಅಲ್ಲಿ ಅಂಗೀಕರಿಸಿದ ಮಾನದಂಡ 600 ಬಿಂದುಗಳ ಕಪ್ಪು-ಬಿಳುಪು ಪ್ರತಿ. ಅಂದಿನ ಸಂಗ್ರಹಸಾಮರ್ಥ್ಯ ಮತ್ತು ಅಂತರಜಾಲದ ವೇಗವನ್ನು ನೆನೆದರೆ ಅದು ವಿವೇಕದ ಆಯ್ಕೆಯೇ ಸರಿ. ಆ ಯೋಜನೆಯಿಲ್ಲದೆ ಅಸಂಖ್ಯ ಕನ್ನಡ ಗ್ರಂಥಗಳು ಇಂದು ದೂರದ ಓದುಗನಿಗೆ ಸಿಗುತ್ತಲೇ ಇರಲಿಲ್ಲ. ಮೂಲ ಜಾಲತಾಣ 2017ರ ಸುಮಾರಿಗೆ ಮುಚ್ಚಿದ ಮೇಲೂ ಆ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡಿವೆ, ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳೂ ಅವುಗಳಲ್ಲಿ ಸೇರಿವೆ. ಅಚ್ಚಿನ ಪಾಠವನ್ನು ಅಲ್ಲಿ ಓದಬಹುದು. ಆದರೆ ಕಪ್ಪು-ಬಿಳುಪಿನ ಪ್ರತಿಯಲ್ಲಿ ಛಾಯಾಫಲಕಗಳು ಮಸಿಯ ಮಡುವಾಗುತ್ತವೆ. ಮಸಿಯಚ್ಚಿನಲ್ಲಿ ಒಮ್ಮೆ, ಸ್ಕ್ಯಾನರಿನಲ್ಲಿ ಮತ್ತೊಮ್ಮೆ, ಹೀಗೆ ಎರಡು ಹೊಸ್ತಿಲು ದಾಟಿದ ಫಲಕದಿಂದ ಲಿಪಿಯ ಕಾಲವನ್ನು ನಿರ್ಣಯಿಸಹೊರಡುವುದು ಸಾಹಸ.

ಗುಣಮಟ್ಟವನ್ನು ‘ಸುಧಾರಿಸುವ’ ಹೆಸರಿನಲ್ಲಿ ಇಂದಿನ ಯಂತ್ರಗಳು ನೀಡುವ ಸೌಲಭ್ಯಗಳ ಬಗೆಗೆ ಹೆಚ್ಚು ಎಚ್ಚರ ಬೇಕು. ಚುಕ್ಕೆ ತೆಗೆಯುವ ಸೌಲಭ್ಯ ಧೂಳಿನ ಕಣವನ್ನು ಅಳಿಸಲೆಂದು ಇರುವುದು; ಮಾಸಿದ ಸೊನ್ನೆಗೂ ಧೂಳಿಗೂ ಅದು ಭೇದವೆಣಿಸದು. ಬಣ್ಣ ಬಿಡುವ ಸೌಲಭ್ಯವು ನಮೂನೆಯ ಕೆಂಪು ಗೆರೆಗಳನ್ನು ಮರೆಮಾಡಲೆಂದು ಬಂದದ್ದು. ವಹಿಯಲ್ಲಿ ಕೆಂಪು ಮಸಿಯಿಂದ ತಿದ್ದಿದ ಷರಾ ಇದ್ದರೆ ಗೆರೆಯ ಜೊತೆಗೆ ಅದೂ ಹೋಗುತ್ತದೆ, ಮತ್ತು ತಿದ್ದುಪಡಿ ಆಗಿಯೇ ಇರಲಿಲ್ಲವೆಂಬಂತೆ ಪುಟ ಶುಭ್ರವಾಗಿ ಕಾಣುತ್ತದೆ. ಖಾಲಿ ಪುಟವನ್ನು ಬಿಟ್ಟುಬಿಡುವ ಸೌಲಭ್ಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಾಲನ್ನು ಖಾಲಿಯೆಂದೇ ಎಣಿಸಬಹುದು. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ನಿಂತ ಗೆರೆಯನ್ನು ತೆಗೆಯುವ ಸೌಲಭ್ಯ. ಗಾಜಿನ ಮೇಲೆ ಧೂಳು ಕುಳಿತರೆ ಹಾಳೆ ಸರಿಯುವಾಗ ಉದ್ದಕ್ಕೂ ಒಂದು ತೆಳುಗೆರೆ ಮೂಡುತ್ತದೆ, ಅದನ್ನು ಗುರುತಿಸಿ ಅಳಿಸುವುದು ಇದರ ಉದ್ದೇಶ. ಕಾಲು, ಅರೆ, ಮುಕ್ಕಾಲುಗಳನ್ನು ನಿಂತ ತೆಳುಗೆರೆಗಳಿಂದಲೇ ಬರೆದ ಲೆಕ್ಕದ ಪುಟಕ್ಕೆ ಇದಕ್ಕಿಂತ ಒಲ್ಲದ ಸೌಲಭ್ಯ ಮತ್ತೊಂದಿರಲಾರದು. ಮೂರು ಗೆರೆಯಲ್ಲಿ ಒಂದು ಹೋದರೆ ಮುಕ್ಕಾಲು ಅರೆಯಾಗುತ್ತದೆ. ಪುಟ ಹರಿದಂತೆ ಕಾಣುವುದಿಲ್ಲ, ಲೆಕ್ಕ ಮಾತ್ರ ಬದಲಾಗಿರುತ್ತದೆ.

ಇದು ಬರಿಯ ಶಂಕೆಯಲ್ಲ ಎಂಬುದಕ್ಕೆ ಹೊರದೇಶದ ಒಂದು ಪ್ರಕರಣವಿದೆ. ಜರ್ಮನಿಯ ಗಣಕವಿಜ್ಞಾನಿ ಡೇವಿಡ್ ಕ್ರೀಸೆಲ್ 2013ರ ಆಗಸ್ಟಿನಲ್ಲಿ ಜೆರಾಕ್ಸ್ ಸಂಸ್ಥೆಯ ಕೆಲವು ವರ್ಕ್‌ಸೆಂಟರ್ ಯಂತ್ರಗಳ ದೋಷವೊಂದನ್ನು ಬಹಿರಂಗಪಡಿಸಿದರು. ಕಟ್ಟಡದ ನಕ್ಷೆಯೊಂದರಲ್ಲಿ 14.13, 21.11 ಮತ್ತು 17.42 ಚದರ ಮೀಟರಿನ ಮೂರು ಕೋಣೆಗಳಿದ್ದವು. ಸ್ಕ್ಯಾನ್ ಪ್ರತಿಯಲ್ಲಿ ಮೂರೂ 14.13 ಆಗಿದ್ದವು. ಜೆಬಿಗ್2 ಎಂಬ ಸಂಕೋಚನಕ್ರಮವು ಒಂದನ್ನೊಂದು ಹೋಲುವ ತುಣುಕುಗಳನ್ನು ಒಂದೇ ಎಂದು ಬಗೆದು, ಒಂದರ ಚಿತ್ರವನ್ನೇ ಎಲ್ಲೆಡೆ ಅಂಟಿಸಿದ್ದುದು ಇದಕ್ಕೆ ಕಾರಣ. ಆರಂಭದಲ್ಲಿ ದೋಷ ‘ಸಾಮಾನ್ಯ’ ಗುಣಮಟ್ಟದ ಹೊಂದಾಣಿಕೆಗೆ ಸೀಮಿತವೆಂದು ಭಾವಿಸಲಾಗಿತ್ತು. ಉಳಿದ ಹೊಂದಾಣಿಕೆಗಳಲ್ಲಿಯೂ ಅದು ಇರುವುದು ಬಳಿಕ ತಿಳಿದು, ಸಂಸ್ಥೆ ತಂತ್ರಾಂಶದ ತಿದ್ದುಪಡಿಯನ್ನು ಹೊರತಂದಿತು. ಜರ್ಮನಿಯ ಮಾಹಿತಿ ಭದ್ರತಾ ಕಚೇರಿ 2015ರಲ್ಲಿ ಸಾಕ್ಷ್ಯಾರ್ಹ ಪ್ರತಿಗಳಿಗೆ ಈ ಕ್ರಮವನ್ನು ಬಳಸಬಾರದೆಂದು ಸೂಚಿಸಿತು. ಅಂಕಿಯು ಮಸುಕಾಗದೆ, ಸ್ಪಷ್ಟವಾಗಿಯೇ ತಪ್ಪಾಗಿ ಮೂಡುವುದು ಇಲ್ಲಿನ ವಿಶೇಷ. ಮಸುಕಾದುದನ್ನು ಓದುಗ ಸಂಶಯಿಸುತ್ತಾನೆ, ಸ್ಪಷ್ಟವಾದುದನ್ನು ನಂಬುತ್ತಾನೆ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯, ೨ ಮತ್ತು ೩ ಇವುಗಳ ಹೋಲಿಕೆಯನ್ನು ಬಲ್ಲವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ಬೆಳಕಿನ ಆಯ್ಕೆಯೂ ಹೊಂದಾಣಿಕೆಯೇ. ತಾಳೆಗರಿಯಲ್ಲಿ ಕಂಠದಿಂದ ಕೊರೆದ ಅಕ್ಷರಕ್ಕೆ ತುಂಬಿದ ಮಸಿ ಉದುರಿಹೋದಾಗ, ನೇರ ಬೆಳಕಿನ ಸ್ಕ್ಯಾನರಿಗೆ ಅಲ್ಲಿ ಅಕ್ಷರವೇ ಕಾಣದು. ಓರೆ ಬೆಳಕಿನ ನೆರಳಿನಲ್ಲಿ ಅದು ಎದ್ದು ತೋರುತ್ತದೆ. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ 2005ರ ಸುಮಾರಿಗೆ ಉಡುಪಿಯಲ್ಲಿ ಸರ್ವಮೂಲ ಗ್ರಂಥಗಳ ತಾಳೆಗರಿಗಳನ್ನು ಅವಕೆಂಪು ಬೆಳಕಿನಲ್ಲಿ ಚಿತ್ರಿಸಿದಾಗ, ಕಂದಿದ ಗರಿಯ ಹಿನ್ನೆಲೆಯಿಂದ ಬರಹ ಬೇರ್ಪಟ್ಟು ಕಂಡಿತು. ಕಲ್ಲಿನ ಮಟ್ಟಿಗೆ, ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಡೆಸಿರುವ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಉಲ್ಲೇಖನೀಯ. ಅಲ್ಲಿ ದಾಖಲಾಗುವುದು ಮಸಿಯ ಕಪ್ಪು-ಬಿಳುಪಲ್ಲ, ಮೇಲ್ಮೈಯ ಆಳ. ಯಾವ ಆಳಕ್ಕೆ ಅಕ್ಷರವೆನ್ನಬೇಕು ಎಂಬುದನ್ನು ಓದುಗನು ಆಮೇಲೆ ತೀರ್ಮಾನಿಸಬಹುದು, ಬೇಕೆಂದಾಗ ಬದಲಿಸಲೂಬಹುದು. ರೈಸ್ ಅವರ ಕಾಲದಲ್ಲಿ ಮಸಿಯ ಉಂಡೆ ಹಿಡಿದವನ ಕೈಯಲ್ಲಿದ್ದ ಅಧಿಕಾರವು ಹೀಗೆ ಓದುವವನಿಗೆ ಮರಳಿದೆ.

ಕಂದಾಯ ದಾಖಲೆಗಳಿಗೆ ಈ ಸೌಭಾಗ್ಯ ಇನ್ನೂ ಒದಗಬೇಕಾಗಿದೆ. 2000ದ ದಶಕದ ಆರಂಭದ ‘ಭೂಮಿ’ ಯೋಜನೆಯಲ್ಲಿ ಪಹಣಿಗಳ ವಿವರವನ್ನು ಗಣಕಕ್ಕೆ ಬೆರಳಚ್ಚು ಮಾಡಲಾಯಿತು. ಅದು ಹಾಳೆಯ ಚಿತ್ರವಲ್ಲ. 2024ರಲ್ಲಿ ಕಂದಾಯ ಇಲಾಖೆ ಆರಂಭಿಸಿದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಅಭಿಲೇಖಾಲಯಗಳ ಹಾಳೆಗಳನ್ನೇ ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಅದೇ ವರ್ಷದ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆ ಸಾಕ್ಷ್ಯವಾಗಲು ಬೇಕಾದ ಷರತ್ತುಗಳನ್ನು ಹೇಳುತ್ತದೆ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಸಲ್ಲಿಸಿದ ಅರ್ಜಿಗಳು, ಅವುಗಳ ಮೇಲಿನ ಆದೇಶದ ಇಂಗಾಲದ ಪ್ರತಿಗಳು ಈ ಹಾಳೆಗಳ ರಾಶಿಯಲ್ಲಿವೆ. ಮೂರನೆಯ ಇಂಗಾಲದ ಪ್ರತಿಯ ತಿಳಿನೀಲಿಯು 128ರ ಹೊಸ್ತಿಲಿಗೆ ಎಟುಕುವಂಥದಲ್ಲ. ಸಿ.ಎಸ್. ಪುರದಂತಹ ಹೋಬಳಿಯಲ್ಲಿ ಎರಡು ಎಕರೆ ಉಳುವವನ ಹಕ್ಕಿಗೆ ಅದೊಂದೇ ಆಧಾರವಾಗಿರಬಹುದು.

ಬೂದುಛಾಯೆಯೋ ಬಣ್ಣವೋ ಇರಲಿ ಎಂದರೆ ವೆಚ್ಚದ ಆಕ್ಷೇಪಣೆ ಬರುತ್ತದೆ. ಅದರಲ್ಲಿ ಹುರುಳಿದೆ. 300 ಬಿಂದುಗಳ ಸಾಂದ್ರತೆಯಲ್ಲಿ ಎ4 ಹಾಳೆಯೊಂದು ಸುಮಾರು 87 ಲಕ್ಷ ಬಿಂದುಗಳಾಗುತ್ತದೆ. ಸಂಕೋಚನವಿಲ್ಲದೆ ಕಪ್ಪು-ಬಿಳುಪಿನಲ್ಲಿ ಒಂದು ಮೆಗಾಬೈಟಿನಷ್ಟು, ಬೂದುಛಾಯೆಯಲ್ಲಿ ಒಂಬತ್ತರ ಹತ್ತಿರ, ಬಣ್ಣದಲ್ಲಿ 26. ಕೋಟಿ ಹಾಳೆಗಳ ಬಣ್ಣದ ಪ್ರತಿಗೆ 260 ಟೆರಾಬೈಟ್ ಬೇಕು. ಆದರೆ ಮಾಹಿತಿ ಕಳೆಯದ ಸಂಕೋಚನದಿಂದ ಇದನ್ನು ಗಣನೀಯವಾಗಿ ತಗ್ಗಿಸಬಹುದು, ಅಲ್ಲದೆ ಸಂಗ್ರಹದ ಬೆಲೆ ವರ್ಷವರ್ಷಕ್ಕೆ ಇಳಿಯುತ್ತಲೇ ಬಂದಿದೆ. ಮೂಲಪ್ರತಿಯನ್ನು ಬಣ್ಣದಲ್ಲಿ, ಯಾವ ‘ಸುಧಾರಣೆ’ಯೂ ಇಲ್ಲದೆ ಇರಿಸಿಕೊಂಡು, ಸಾರ್ವಜನಿಕರಿಗೆ ಕೊಡುವ ಪ್ರತಿಯನ್ನು ಅದರಿಂದ ಹಗುರಗೊಳಿಸಿ ತೆಗೆಯುವುದು ಗ್ರಂಥಾಲಯಗಳು ಅನುಸರಿಸುವ ಕ್ರಮ. ಹಾಳೆಯನ್ನು ಎರಡನೆಯ ಸಲ ಬಿಚ್ಚಿ ಸ್ಕ್ಯಾನ್ ಮಾಡುವ ಕೂಲಿ ಮತ್ತು ಆ ಬಿಚ್ಚುವಿಕೆಯಲ್ಲಿ ಮುರಿಯುವ ಅಂಚುಗಳನ್ನು ಲೆಕ್ಕಕ್ಕೆ ಹಿಡಿದರೆ ಅಗ್ಗವೆಂದು ತೋರುವ ಪ್ರತಿ ಅಗ್ಗವಲ್ಲ.

ರೈಸ್ ಅವರ ಸಂಪುಟಗಳಲ್ಲಿ ಪ್ರತಿ ಶಾಸನದ ತಲೆಬರಹದಲ್ಲಿ ಅದು ಯಾವ ಊರಿನ, ಯಾವ ಗುಡಿಯ ಯಾವ ಕಡೆಯ ಕಲ್ಲು ಎಂಬ ವಿವರವಿರುತ್ತದೆ. ಅದನ್ನು ಹಿಡಿದು ಹೋದವನಿಗೆ ಎಷ್ಟೋ ಕಡೆ ಕಲ್ಲು ಸಿಕ್ಕಿದೆ, ಪಾಠ ತಿದ್ದುಪಡಿಯಾಗಿದೆ. ಸ್ಕ್ಯಾನ್ ಪ್ರತಿಯ ಜೊತೆಗೂ ಯಂತ್ರ ಯಾವುದು, ಸಾಂದ್ರತೆ ಎಷ್ಟು, ಬಣ್ಣವೋ ಬೂದುಛಾಯೆಯೋ, ಹೊಸ್ತಿಲು ಎಷ್ಟಕ್ಕೆ ಇತ್ತು, ಯಾವ ಸೌಲಭ್ಯಗಳು ಚಾಲ್ತಿಯಲ್ಲಿದ್ದವು, ಸಂಕೋಚನಕ್ರಮ ಯಾವುದು ಎಂಬ ಟಿಪ್ಪಣಿ ಇರುವುದು ಅವಶ್ಯ. ಹಾಳೆಯ ಅಂಚಿನಲ್ಲಿ ಅಳತೆಪಟ್ಟಿ ಮತ್ತು ಬೂದುಛಾಯೆಯ ಮಾಪಕವನ್ನು ಇರಿಸಿ ಸ್ಕ್ಯಾನ್ ಮಾಡಿದರೆ ಮುಂದಿನವರು ಪರಿಶೀಲಿಸಲು ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಮತ್ತು ಸ್ಕ್ಯಾನ್ ಆದ ಹಾಳೆಯನ್ನು ಕಟ್ಟಿ ಮತ್ತೆ ಅದರ ಸ್ಥಾನದಲ್ಲೇ ಇಡಬೇಕು. ಛಾಪಾ ಕಾಗದದ ನೀರುಗುರುತು ಬೆಳಕಿಗೆ ಎತ್ತಿ ಹಿಡಿದಾಗ ಮಾತ್ರ ಕಾಣುತ್ತದೆ, ಕೆರೆದು ತಿದ್ದಿದ ಅಂಕಿಯ ಒರಟು ಬೆರಳಿಗೆ ಮಾತ್ರ ತಿಳಿಯುತ್ತದೆ. ಗಾಜಿನ ಅಡಿಯಿಂದ ಬೆಳಕು ಹಾಯಿಸಿ ನೋಡುವ ಯಂತ್ರಕ್ಕೆ ಅವೆರಡೂ ಎಟುಕುವುದಿಲ್ಲ.